ನೋವಿಗೆ ಸಲ್ಲದ ಶ್ರೇಯ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಹನ್ನೆರಡು ದಿನಗಳಾದವು. ಉತ್ತರ ತಡವಾದುದಕ್ಕೆ ನನ್ನ ಎಂದಿನ ಸೋಮಾರಿತನವಷ್ಟೇ ಕಾರಣವಲ್ಲ. ಎಂಟು ತಿಂಗಳಿಂದ ಒಂದು ಪುಟವನ್ನೂ ಬರೆಯಲಾಗಿಲ್ಲವೆಂದು ತಿಳಿಸಿ, ಈ ಕಷ್ಟವೆಲ್ಲ ಮುಂದೆ ಬರವಣಿಗೆಯನ್ನು ಮಾಗಿಸುತ್ತದೆಯಲ್ಲವೇ ಎಂದು ಕೊನೆಯಲ್ಲಿ ಕೇಳಿದ್ದೀಯೆ. ಹೌದೆಂದುಬಿಡುವುದು ಸುಲಭವಾಗಿತ್ತು, ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ.

ಬೆಂದರೆ ಚಿನ್ನವಾಗುತ್ತದೆ ಎನ್ನುವವರು ಬೂದಿಯಾದುದರ ಲೆಕ್ಕವಿಡುವುದಿಲ್ಲ. ನೋವುಂಡು ದೊಡ್ಡ ಕೃತಿ ರಚಿಸಿದವರ ಹೆಸರು ನಮಗೆ ಗೊತ್ತು. ನೋವುಂಡು ಸುಮ್ಮನಾದವರ ಹೆಸರು ಗೊತ್ತಾಗುವುದಾದರೂ ಹೇಗೆ? 1802ರ ಅಕ್ಟೋಬರಿನಲ್ಲಿ, ಕಿವಿ ಮಂದವಾಗುತ್ತಿದ್ದ ಸಂಗೀತಕಾರ ಬೀಥೋವನ್ ತನ್ನ ತಮ್ಮಂದಿರಿಗೆಂದು ಒಂದು ಪತ್ರ ಬರೆದಿಟ್ಟ. ಪಕ್ಕದಲ್ಲಿ ನಿಂತವನಿಗೆ ದೂರದ ಕೊಳಲು ಕೇಳುತ್ತಿದ್ದರೂ ತನಗೇನೂ ಕೇಳಿಸದ ಅವಮಾನ, ಬದುಕನ್ನೇ ಮುಗಿಸಿಬಿಡುವ ಯೋಚನೆ, ತನ್ನನ್ನು ತಡೆದದ್ದು ಕಲೆಯೊಂದೇ ಎಂಬ ಮಾತು, ಎಲ್ಲವೂ ಅದರಲ್ಲಿವೆ. ಅಂಚೆಗೆ ಹಾಕದೆ ಉಳಿದ ಆ ಹಾಳೆಗಳು 1827ರಲ್ಲಿ ಅವನು ತೀರಿಕೊಂಡ ಮೇಲೆ ಸಿಕ್ಕವು. ಕಿವುಡುತನದಿಂದ ಉಪಕಾರವಾಯಿತೆಂಬ ಮಾತು ಅವುಗಳಲ್ಲಿ ಎಲ್ಲಿಯೂ ಇಲ್ಲ.

ಚಿತ್ರಕಾರ ಮಾತಿಸ್‌ನ ಕಥೆ ನಿನಗೆ ಗೊತ್ತಿರಬಹುದು. 1941ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿಗಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಬಹುಹೊತ್ತು ನಿಂತು ಕೆಲಸ ಮಾಡುವುದು ಅವನಿಗೆ ಕಷ್ಟವಾಯಿತು. ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕುಳಿತು, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದಗಳನ್ನು ಕತ್ತರಿಯಿಂದ ಕತ್ತರಿಸುತ್ತಾ, ಆ ತುಂಡುಗಳನ್ನು ಗೋಡೆಯ ಮೇಲೆ ಎಲ್ಲಿ ಚುಚ್ಚಬೇಕೆಂದು ಹೇಳುತ್ತಾ, 1954ರಲ್ಲಿ ಸಾಯುವವರೆಗೂ ಅವನು ದುಡಿದ. ಕಾಯಿಲೆಯೇ ಅವನ ಕೈಗೆ ಕತ್ತರಿ ಕೊಟ್ಟಿತೆಂದು ಹೇಳುವುದು ವಾಡಿಕೆ. ಆದರೆ 1930ರ ದಶಕದ ಆರಂಭದಲ್ಲಿಯೇ, ಮೈಯಲ್ಲಿ ಶಕ್ತಿಯಿದ್ದಾಗಲೇ, ದೊಡ್ಡದೊಂದು ಭಿತ್ತಿಚಿತ್ರದ ವಿನ್ಯಾಸವನ್ನು ಸರಿಹೊಂದಿಸಿ ನೋಡಲು ಅವನು ಕಾಗದದ ತುಂಡುಗಳನ್ನು ಬಳಸಿದ್ದ. ಕತ್ತರಿ ಮೊದಲೇ ಇತ್ತು. ಬಣ್ಣದೊಂದಿಗೆ ಐವತ್ತು ವರ್ಷಗಳ ಒಡನಾಟವಿತ್ತು. ಜೊತೆಗೆ, ನಾವು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ಕಾಗದಕ್ಕೆ ಬಣ್ಣ ಬಳಿಯಲು ಬೇರೆಯವರ ಕೈಗಳಿದ್ದವು. ಕಾಯಿಲೆ ಮಾಡಿದ್ದು ಉಳಿದ ದಾರಿಗಳನ್ನು ಮುಚ್ಚಿದ್ದಷ್ಟೇ.

ಹಾಗಿದ್ದೂ ನೋವಿಗೇ ಶ್ರೇಯ ಕೊಡಲು ನಾವೇಕೆ ಇಷ್ಟು ಆತುರಪಡುತ್ತೇವೆ? ನೋವಿನಿಂದ ಒಳ್ಳೆಯದಾಗುತ್ತದೆಂದು ನಂಬಿದರೆ ನೋಡುತ್ತ ನಿಂತವನು ಕೈ ನೀಡಬೇಕಾಗಿಲ್ಲ ಎಂಬುದು ಒಂದು ಕಾರಣವೆಂದು ನನ್ನ ಗುಮಾನಿ. ಅನುಭವಿಸುವವನ ಕಾರಣ ಬೇರೆ: ಇಷ್ಟು ತೆತ್ತ ಮೇಲೆ ಏನಾದರೂ ದಕ್ಕಲೇಬೇಕೆಂಬ ಹಟ. ನಾನೂ ಇದಕ್ಕೆ ಹೊರತಲ್ಲ. ಅಪ್ಪ ಹಾಸಿಗೆ ಹಿಡಿದಿದ್ದ ವರ್ಷ ನನ್ನನ್ನು ಬರಹಗಾರನನ್ನಾಗಿ ಮಾಡಿತೆಂದು ಒಮ್ಮೆ ನಾಲ್ಕು ಜನರ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅದು ಸುಳ್ಳು. ಆ ವರ್ಷ ನಾನು ಬರೆದದ್ದು ಔಷಧದ ವೇಳಾಪಟ್ಟಿಯನ್ನು ಮಾತ್ರ. ಕಲಿತದ್ದು ಕುಳಿತಲ್ಲೇ ನಿದ್ದೆ ಮಾಡುವುದನ್ನು.

ಆದುದರಿಂದ ಈ ತಿಂಗಳುಗಳಿಂದ ನೀನು ಏನನ್ನೂ ಗಳಿಸಬೇಕಾಗಿಲ್ಲ. ದಣಿದಿದ್ದರೆ ಮಲಗು. ಯಾರಾದರೂ ನೆರವಿಗೆ ಬಂದರೆ ಸಂಕೋಚಪಡಬೇಡ. ನಾನು ಬರಲೇ ಎಂಬುದನ್ನೂ ತಿಳಿಸು.

ಇನ್ನೊಂದು ವಿಷಯ. ನಿನ್ನ ಪತ್ರದ ಅಂಚಿನಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೀಯೆ. ಬೆಳಕಿಗೆ ಹಿಡಿದು ಮೊದಲನೆಯದನ್ನು ಹೇಗೋ ಓದಿಕೊಂಡೆ. ಎರಡನೆಯದರ ಮೇಲೆ ತುಂಬಾ ಗೀಚಿದ್ದೀಯೆ, ಒಂದಕ್ಷರವೂ ಕಾಣುತ್ತಿಲ್ಲ. ಅದೇನಿತ್ತು ಬರೆದು ಕಳಿಸು.

ನಿನ್ನ,
ಹಳೆಯ ಗೆಳೆಯ