ಹೊಳೆಯ ಕೆಳಗಿನವರಿಗೂ ಸುದ್ದಿ ಮುಟ್ಟಲಿ

ಮಾನ್ಯ ಸಂಪಾದಕರೇ,

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಂಗಾ ಜಲ ಒಪ್ಪಂದದ ಅವಧಿ 2026ರ ಡಿಸೆಂಬರಿಗೆ ಮುಗಿಯುವ ಹಿನ್ನೆಲೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. 1996ರಲ್ಲಿ 30 ವರ್ಷಗಳಿಗೆಂದು ಸಹಿಯಾದ ಈ ಒಪ್ಪಂದವು ಜನವರಿ 1ರಿಂದ ಮೇ 31ರವರೆಗೆ ಗಂಗೆಯ ಫರಕ್ಕಾ ಅಣೆಕಟ್ಟಿನಲ್ಲಿ ಯಾರಿಗೆ ಎಷ್ಟು ಕ್ಯುಸೆಕ್ ನೀರು ಸಲ್ಲಬೇಕು ಎಂಬುದನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಬಿಡಿಸಿ ಹೇಳುತ್ತದೆ. ಆ ನೀರಿನಲ್ಲಿ ಏನೇನು ಬೆರೆತಿರಬಾರದು ಎಂಬ ಲೆಕ್ಕ ಮಾತ್ರ ಅದರಲ್ಲಿ ಇಲ್ಲ. ಅದೇ ಗಡಿಯಲ್ಲಿ ಬಾಂಗ್ಲಾದ ದರ್ಶನಾ ಎಂಬಲ್ಲಿನ ಸಕ್ಕರೆ ಮತ್ತು ಮದ್ಯಸಾರ ಕಾರ್ಖಾನೆಯ ತ್ಯಾಜ್ಯ ಮಾಥಾಭಾಂಗಾ ನದಿಯ ಮೂಲಕ ಗಡಿ ದಾಟಿ, ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಚೂರ್ಣಿ ನದಿಯನ್ನು ಕಪ್ಪಾಗಿಸುತ್ತಿದೆ, ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ ಎಂಬ ದೂರು ಬಹಳ ವರ್ಷಗಳದು. ಅಲ್ಲಿ ನಾವು ಕೆಳಗಿನವರು. ಪಂಜಾಬಿನಲ್ಲಿ ಹುಟ್ಟಿ, ಪಾಕಿಸ್ತಾನದೊಳಗೆ ರಾವಿಯನ್ನು ಸೇರುವ ಹುಡಿಯಾರಾ ನಾಲೆಯ ವಿಷಯದಲ್ಲಿ ನಾವೇ ಮೇಲಿನವರು. ಎರಡೂ ಕಡೆ ನಮ್ಮ ಮಾತಿನ ಧಾಟಿ ಒಂದೇ ಆಗಿಲ್ಲ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನಾದ ನಾನು ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಹೊಳೆಯೇ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರ, ಹೊಸಪೇಟೆಗಳನ್ನು ಹಾದು, ರಾಜ್ಯದ ಗಡಿ ಮುಟ್ಟಿ, ಮಂತ್ರಾಲಯ ಮತ್ತು ಕರ್ನೂಲಿನ ಜನರಿಗೆ ಕುಡಿಯುವ ನೀರಾಗುತ್ತವೆ. ರಾಜ್ಯಗಳ ನಡುವಿನ ಗಡಿಯನ್ನು ದೇಶಗಳ ನಡುವಿನ ಗಡಿಗೆ ಸಮ ಎನ್ನಲಾಗದು. ಆದರೆ ಮೇಲಿನವರ ಉದಾಸೀನಕ್ಕೆ ಎರಡೂ ಕಡೆ ಕಾರಣ ಒಂದೇ: ಕರ್ನೂಲಿನ ಮತದಾರ ನಮ್ಮ ಶಾಸಕರ ಮನೆ ಬಾಗಿಲಿಗೆ ಬಂದು ನಿಲ್ಲುವವನಲ್ಲ. ಕೃಷ್ಣಾ ಕೊಳ್ಳದ ನೀರಿಗಾಗಿ ಇಷ್ಟು ದಶಕ ವಾದಿಸಿದ್ದೇವೆ. ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 700 ಟಿಎಂಸಿ ಎಂದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆ ಟಿಎಂಸಿಗಳು ಎಂಥ ನೀರಿನವು ಎಂಬ ಪ್ರಶ್ನೆಗೆ ಅದೇ ಬಿಸಿ ಎಂದೂ ಬಂದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಕೆಳಗಿನವರಿಗೆ ಸುದ್ದಿ ಮುಟ್ಟಿಸುವುದು ನಮಗೆ ಬಾರದ ಕೆಲಸವೇನಲ್ಲ. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟಿನ ಗೇಟು ತೆರೆಯುವಾಗ ನದಿಪಾತ್ರದ ಜನರಿಗೆ ಎಚ್ಚರಿಕೆ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಗಡಿಯಾಚೆಯ ಜಿಲ್ಲೆಗಳೂ ಎಚ್ಚೆತ್ತುಕೊಂಡವು. ನೀರು ಹೆಚ್ಚಾದರೆ ಹೀಗೆ ಓಡುವ ಸುದ್ದಿ, ನೀರು ಕೆಟ್ಟರೆ ಏಕೆ ಓಡುವುದಿಲ್ಲ ಎಂಬುದು ನನ್ನ ಪ್ರಶ್ನೆ. ಮಾಲಿನ್ಯ ನಿಯಂತ್ರಣಕ್ಕೆಂದು ತಿಂಗಳಿಗೊಮ್ಮೆ ಬಾಟಲಿಯಲ್ಲಿ ತುಂಬಿಸಿ ಪ್ರಯೋಗಾಲಯಕ್ಕೆ ಒಯ್ಯುವ ನೀರು ನದಿಯ ಸಾಮಾನ್ಯ ಸ್ಥಿತಿಯನ್ನು ಹೇಳೀತೇ ಹೊರತು, ಒಂದು ರಾತ್ರಿ ಯಾವುದೋ ಟ್ಯಾಂಕ್ ಒಡೆದು ಹರಿದದ್ದನ್ನು ಹಿಡಿಯಲಾರದು. ವರದಿ ಕೈಸೇರುವ ಹೊತ್ತಿಗೆ ಆ ನೀರನ್ನು ಊರು ಕುಡಿದು ಮುಗಿಸಿರುತ್ತದೆ.

ಈ ಪಾಠವನ್ನು ಯೂರೋಪು ಕಲಿತದ್ದು ಪೆಟ್ಟು ತಿಂದ ಮೇಲೆ. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಸಮೀಪದ ಷ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಸುರಿದ ನೀರು ಕೀಟನಾಶಕ ಮತ್ತು ಪಾದರಸದ ಸಂಯುಕ್ತಗಳನ್ನು ತೊಳೆದುಕೊಂಡು ನೇರವಾಗಿ ರೈನ್ ನದಿಗೆ ಇಳಿಯಿತು. ಆ ನೀರನ್ನು ತಡೆದು ಹಿಡಿಯುವಂಥ ತೊಟ್ಟಿ ಅಲ್ಲಿರಲಿಲ್ಲ. ಗೋದಾಮಿನಲ್ಲಿದ್ದ ಬಣ್ಣದಿಂದ ನದಿ ಕೆಂಪಾಗಿ, ಹಾವುಮೀನುಗಳು ಲಕ್ಷದ ಲೆಕ್ಕದಲ್ಲಿ ಸತ್ತವು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ದೇಶಗಳ ಸಿಟ್ಟಿಗೆ ವಿಷದಷ್ಟೇ ಕಾರಣವಾದದ್ದು ಸುದ್ದಿ ತಡವಾಗಿ ಬಂದದ್ದು. ರೈನ್ ರಕ್ಷಣೆಗೆಂದು ನದಿಪಾತ್ರದ ದೇಶಗಳು ಕೂಡಿ ಮಾಡಿಕೊಂಡ ಆಯೋಗ 1950ರಿಂದಲೇ ಇತ್ತು, ಆದರೆ ಅದಕ್ಕೆ ನಿಜವಾಗಿ ಕಾವು ಬಂದದ್ದು ಈ ಬೆಂಕಿಯ ನಂತರ. 1987ರಲ್ಲಿ ಕ್ರಿಯಾ ಯೋಜನೆ ಸಿದ್ಧವಾಯಿತು. ನದಿಯುದ್ದಕ್ಕೂ ಎಚ್ಚರಿಕೆ ಕೇಂದ್ರಗಳ ಸರಪಳಿ ಗಟ್ಟಿಯಾಯಿತು. ಗಡಿಯ ವೈಲ್ ಆಮ್ ರೈನ್ ಎಂಬಲ್ಲಿ ಸ್ವಿಟ್ಜರ್‌ಲೆಂಡ್ ಮತ್ತು ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯ ಸೇರಿ ಖರ್ಚು ಹಂಚಿಕೊಂಡು ನಡೆಸುವ ಮಾಪನ ಕೇಂದ್ರ ಬಂತು. ಮೇಲಿನವರು ಮತ್ತು ಕೆಳಗಿನವರು ಒಂದೇ ಯಂತ್ರದ ಅಂಕಿಯನ್ನು ನೋಡುವುದರಿಂದ, ವಿಷ ಎಲ್ಲಿಂದ ಬಂತು ಎಂಬ ಜಗಳಕ್ಕೆ ಅಲ್ಲಿ ಆಸ್ಪದ ಕಡಿಮೆ.

ಇದಕ್ಕೆ ತದ್ವಿರುದ್ಧವಾದದ್ದು ಚೀನಾದ ಪ್ರಕರಣ. 2005ರ ನವೆಂಬರ್ 13ರಂದು ಜಿಲಿನ್ ನಗರದ ರಾಸಾಯನಿಕ ಕಾರ್ಖಾನೆ ಸ್ಫೋಟಗೊಂಡು ಸುಮಾರು 100 ಟನ್ ಬೆಂಜೀನ್ ವರ್ಗದ ವಿಷ ಸೊಂಗ್‌ಹುವಾ ನದಿಗೆ ಸೇರಿತು. ಕೆಳಗಿನ ಹಾರ್ಬಿನ್ ನಗರದಲ್ಲಿ ನಲ್ಲಿ ನಿಲ್ಲಿಸುವಾಗ ಜನರಿಗೆ ಮೊದಲು ಕೊಟ್ಟ ಕಾರಣ ಕೊಳವೆ ದುರಸ್ತಿ. (ನಮ್ಮ ಊರುಗಳಲ್ಲೂ ಈ ಕಾರಣಕ್ಕೆ ಬರವಿಲ್ಲ.) ಅದೇ ನೀರು ಮುಂದೆ ಅಮೂರ್ ನದಿಯಾಗಿ ರಷ್ಯಾದ ಖಬರೋವ್‌ಸ್ಕ್ ನಗರಕ್ಕೆ ಹೋಗುತ್ತದೆ, ರಷ್ಯಾಕ್ಕೆ ಅಧಿಕೃತವಾಗಿ ತಿಳಿಸಿದ್ದು ಒಂದು ವಾರ ಕಳೆದ ಮೇಲೆ.

ನಮ್ಮಲ್ಲಿ ಕಾನೂನಿನ ಕೊರತೆ ಇದೆ ಎಂದು ನನಗೆ ಅನಿಸುವುದಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 31ನೇ ಕಲಮಿನ ಪ್ರಕಾರ, ಅಪಘಾತದಿಂದ ವಿಷವಸ್ತು ಹೊಳೆಗೆ ಸೇರಿದರೆ ಅಥವಾ ಸೇರುವ ಸಂಭವವಿದ್ದರೆ ಆ ಸ್ಥಳದ ಹೊಣೆ ಹೊತ್ತವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಬೇಕು. ಆದರೆ ಮಂಡಳಿಯಿಂದ ಮುಂದೆ ಕೆಳಗಿನ ಊರುಗಳಿಗೆ, ಪಕ್ಕದ ರಾಜ್ಯಕ್ಕೆ ಎಷ್ಟು ಗಂಟೆಯೊಳಗೆ, ಯಾರ ಮೂಲಕ ಎಂಬುದನ್ನು ಆ ಕಲಮು ಹೇಳುವುದಿಲ್ಲ. ನೆರೆ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸಿಕೊಳ್ಳುವ ಅವಕಾಶವೂ ಅದೇ ಕಾಯ್ದೆಯ 13ನೇ ಕಲಮಿನಲ್ಲಿದೆ. ಇನ್ನು ತುಂಗಭದ್ರಾ ಮಂಡಳಿಯಂತೂ 1950ರ ದಶಕದಿಂದ ಗಡಿಯ ಎರಡೂ ಕಡೆಯ ಎಂಜಿನಿಯರುಗಳನ್ನು ಒಂದೇ ಮೇಜಿನ ಸುತ್ತ ಕೂರಿಸುತ್ತಾ ಬಂದಿದೆ. ನೀರಿನ ಪ್ರಮಾಣ ಅಳೆಯುವ ಆ ಮೇಜಿನ ಮೇಲೆ ನೀರಿನ ಗುಣದ ಅಂಕಿಯನ್ನೂ ಇಡುವುದು ಅಸಾಧ್ಯವೇನಲ್ಲ.

ಇಂಥ ಮಾತೆತ್ತಿದರೆ ಕಾರ್ಖಾನೆ ಮುಚ್ಚಿಸಲು ಬಂದವರು ಎಂಬ ಆರೋಪ ಬರುತ್ತದೆ, ಮತ್ತು ಭದ್ರಾವತಿಯ ಜನರ ಬಾಯಲ್ಲಿ ಅದನ್ನು ಕೇಳಿದಾಗ ನಾನು ಸುಲಭವಾಗಿ ತಳ್ಳಿಹಾಕಲಾರೆ. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತ ಮೇಲೆ ಆ ಊರಿನ ಅಂಗಡಿ ಬೀದಿಗಳು ಹೇಗಾದವು ಎಂಬುದನ್ನು ಕಂಡಿದ್ದೇವೆ. 1980ರ ದಶಕದಲ್ಲಿ ಹರಿಹರದ ಕೆಳಗೆ ಕಾರ್ಖಾನೆಯ ತ್ಯಾಜ್ಯದಿಂದ ಹೊಳೆ ಕೆಟ್ಟದ್ದನ್ನು, ಅದರ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ಹೋರಾಡಿದ್ದನ್ನು ಕಂಡ ಹಿರಿಯರೂ ನಮ್ಮ ನಡುವೆ ಇದ್ದಾರೆ. ಕೆಲಸವೋ ಹೊಳೆಯೋ ಎಂದು ಜನರನ್ನು ಎರಡು ಪಂಗಡ ಮಾಡಿದ್ದೇ ಆಗಿನಿಂದ ಆದ ನಷ್ಟ. ಆದರೆ ರೈನ್ ದಡದ ಬಾಸೆಲ್ ಇಂದಿಗೂ ಔಷಧ ಮತ್ತು ರಾಸಾಯನಿಕ ಉದ್ಯಮದ ನಗರವೇ. ಅಲ್ಲಿ ಬದಲಾದದ್ದು ಗೋದಾಮಿನ ಸುತ್ತಲಿನ ತೊಟ್ಟಿ, ದಾಸ್ತಾನಿನ ಪಟ್ಟಿ ಮತ್ತು ಫೋನ್ ಮಾಡುವ ಕ್ರಮ.

ಕಾರ್ಖಾನೆಗಳಿಗೆ ಬೆರಳು ತೋರಿಸಿ ನಾವು ಬೆಳೆಗಾರರು ಸುಮ್ಮನಿರುವಂತೆಯೂ ಇಲ್ಲ. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಮಲೆನಾಡಿನ ಪ್ರತಿ ತೋಟದ ಕೆಲಸ. ಸಂಜೆ ಡ್ರಮ್ಮು, ಪೈಪುಗಳನ್ನು ಹಳ್ಳದಲ್ಲೇ ತೊಳೆಯುತ್ತಾರೆ. ದಡದ ಕಲ್ಲುಗಳಿಗೆ ಹತ್ತಿದ ನೀಲಿ ಪೊರೆ ಮೊದಲ ದೊಡ್ಡ ಮಳೆಯವರೆಗೆ ಉಳಿದಿರುತ್ತದೆ. ಸುಣ್ಣ ಸರಿಯಾಗಿ ಬೆರೆತ ದ್ರಾವಣದಲ್ಲಿ ತಾಮ್ರದ ತೀಕ್ಷ್ಣತೆ ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಬರೀ ಮೈಲುತುತ್ತವನ್ನು ಗುಂಡಿಗೆ ಕದಡಿ ಮೀನು ಹಿಡಿಯುವವರಿಗೆ ಆ ನೆವವೂ ಇಲ್ಲ. ಈಚೆಗಂತೂ ಕಳೆನಾಶಕದ ಖಾಲಿ ಡಬ್ಬಗಳು ಹಳ್ಳದ ತಿರುವುಗಳಲ್ಲಿ ರಾಶಿ ಬೀಳುತ್ತಿವೆ. ಸೊಸೈಟಿಗಳು ಔಷಧಿ ಮಾರುವಾಗಲೇ ಖಾಲಿ ಡಬ್ಬ ವಾಪಸು ಪಡೆಯುವ ಏರ್ಪಾಡು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಸರ್ಕಾರದಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ಆಮ್ಲ-ಕ್ಷಾರದ ಮಟ್ಟವನ್ನು ಹಗಲಿರುಳು ಅಳೆಯುವ ಮಾಪಕಗಳನ್ನು ಮೊದಲು ಕೂಡಲಿಯಲ್ಲಿ, ಹರಿಹರದ ಕೆಳಗೆ ಮತ್ತು ಗಡಿಯಲ್ಲಿ ಕೂರಿಸಿ, ಅಂಕಿಗಳು ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳಿಗೆ ಏಕಕಾಲಕ್ಕೆ ಕಾಣುವಂತೆ ಮಾಡಬೇಕು. ಹೊಳೆಯ ಸಮೀಪದ ರಾಸಾಯನಿಕ ದಾಸ್ತಾನುಗಳ ಪಟ್ಟಿ ಜಿಲ್ಲಾಡಳಿತದ ಬಳಿ ಇದ್ದರಷ್ಟೇ ಸಾಲದು, ಅಗ್ನಿಶಾಮಕ ಠಾಣೆಯಲ್ಲೂ ಇರಬೇಕು, ಬೆಂಕಿ ಆರಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆಯ ಸಮೇತ. ಏನಾದರೂ ಹರಿದರೆ ಪ್ರವಾಹದ ಎಚ್ಚರಿಕೆ ಹೋಗುವ ದಾರಿಯಲ್ಲೇ, ಅದೇ ವೇಗದಲ್ಲಿ ಕೆಳಗಿನ ಜಲಮಂಡಳಿಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಸುದ್ದಿ ಹೋಗಬೇಕು. ಆ ಸಂದೇಶ ಕನ್ನಡದ ಜೊತೆಗೆ ತೆಲುಗಿನಲ್ಲಿಯೂ ಸಿದ್ಧವಿರಲಿ, ಏಕೆಂದರೆ ಮಂತ್ರಾಲಯದಿಂದ ಕರ್ನೂಲಿನವರೆಗೆ ಅದನ್ನು ಓದಿ ಪಂಪು ನಿಲ್ಲಿಸಬೇಕಾದವರು ಆ ಭಾಷೆಯವರು.

ಇಂತು,
ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ