ಚಂದ್ರನವರೆಗೆ ಹೋದ ಹೊಲಿಗೆ

ಪ್ರೀತಿಯ ಮಗಳು ನಂದಿನಿಗೆ ಅಮ್ಮನ ಆಶೀರ್ವಾದಗಳು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನದ ನೆನಪಿಗಾಗಿ ಕಾಲೇಜಿನಲ್ಲಿ ಮಾತನಾಡಬೇಕೆಂದೂ, ರಾಕೆಟ್ಟು ಮತ್ತು ಕಂಪ್ಯೂಟರಿನ ವಿಷಯಗಳನ್ನು ಉಳಿದವರು ಆಗಲೇ ಆರಿಸಿಕೊಂಡಿದ್ದಾರೆಂದೂ ಬರೆದಿದ್ದೀಯೆ. ಹಾಗಾದರೆ ನೀನು ಆ ಯಾತ್ರಿಗಳು ತೊಟ್ಟಿದ್ದ ಉಡುಪಿನ ಬಗ್ಗೆ ಮಾತನಾಡು. ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ನನಗೆ ಆ ಸಾಧನೆಯಲ್ಲಿ ತೀರಾ ಹತ್ತಿರವೆನಿಸುವುದು ಅದೇ.

1969ರ ಜುಲೈ 21ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ ಎಂಟೂವರೆಗೆ ಇನ್ನೂ ನಾಲ್ಕು ನಿಮಿಷವಿದ್ದಾಗ, ನೀಲ್ ಆರ್ಮ್‌ಸ್ಟ್ರಾಂಗ್ ಏಣಿಯಿಂದ ಇಳಿದು ಚಂದ್ರನ ಹುಡಿಮಣ್ಣಿನ ಮೇಲೆ ಕಾಲಿಟ್ಟರು. ಹಿಂದೆಯೇ ಬಜ್ ಆಲ್ಡ್ರಿನ್ ಇಳಿದರು. ಮೈಕೆಲ್ ಕಾಲಿನ್ಸ್ ಮೇಲೆ ಒಬ್ಬರೇ ಸುತ್ತುತ್ತಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ಉಸಿರಾಡಲು ಗಾಳಿಯಿಲ್ಲದ, ಹಗಲಿನಲ್ಲಿ ನೂರು ಡಿಗ್ರಿ ಮೀರಿ ಕಾಯಬಲ್ಲ ಆ ನೆಲದಲ್ಲಿ, ಹೊರಗಿನ ಕೆಲಸ ನಡೆದ ಸುಮಾರು ಎರಡೂವರೆ ಗಂಟೆಯ ಕಾಲ ಅವರ ಮೈಗೂ ಸಾವಿಗೂ ನಡುವೆ ಇದ್ದದ್ದು ಹೆಂಗಸರು ಹೊಲಿದ ಬಟ್ಟೆಯ ಪದರಗಳು ಎಂಬುದನ್ನು ಹೇಳುವವರು ಕಡಿಮೆ.

ಆ ಉಡುಪನ್ನು ತಯಾರಿಸಿದ್ದು ಅಮೆರಿಕದ ಡೆಲವೇರ್ ರಾಜ್ಯದ ಡೋವರ್‌ನಲ್ಲಿದ್ದ ಇಂಟರ್‌ನ್ಯಾಷನಲ್ ಲೇಟೆಕ್ಸ್ ಕಾರ್ಪೊರೇಷನ್. ಪ್ಲೇಟೆಕ್ಸ್ ಎಂಬ ಹೆಸರಿನಲ್ಲಿ ಹೆಂಗಸರ ಒಳ ಉಡುಪು ಮಾಡುತ್ತಿದ್ದ ಕಂಪನಿ ಅದು. ಎಲೀನರ್ ಫೊರೇಕರ್ ಮತ್ತು ಅವರ ಜೊತೆಗಾರ್ತಿಯರು ಹೊಲಿಗೆ ಯಂತ್ರಗಳ ಮುಂದೆ ಕುಳಿತು, ಒಂದರ ಮೇಲೊಂದು 21 ಪದರಗಳನ್ನು ಕೂಡಿಸಿದರು. ಹೊಲಿಗೆ ಅಂಗುಲದ 64ನೇ ಒಂದು ಪಾಲಿಗಿಂತ ಹೆಚ್ಚು ಆಚೀಚೆ ಸರಿಯುವಂತಿರಲಿಲ್ಲ. ರವಿಕೆಯಲ್ಲಿ ಅಷ್ಟು ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ ಮಗಳೇ; ಬಿದ್ದರೂ ಬಿಚ್ಚಿ ಮತ್ತೆ ಹೊಲಿಯಬಹುದು. ಆದರೆ ಬಿಚ್ಚಿದ ಮೇಲೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ ಎಂಬುದು ನಮ್ಮ ಕೆಲಸ ಮಾಡುವವರಿಗೆಲ್ಲ ಗೊತ್ತು, ಅವರಿಗೂ ಗೊತ್ತಿತ್ತು.

ಗುಂಡುಸೂಜಿಯ ಸಂಗತಿಯನ್ನು ತಪ್ಪದೆ ಹೇಳು. ಪದರಗಳನ್ನು ಹಿಡಿದಿಡಲು ಗುಂಡುಸೂಜಿ ಬೇಕೇ ಬೇಕು, ಆದರೆ ಒಂದೇ ಒಂದು ಒಳಗೆ ಉಳಿದರೂ ಗಾಳಿ ತುಂಬಿದ ಒಳಪದರವನ್ನು ಅದು ಚುಚ್ಚಿಬಿಡಬಹುದು. ಆದ್ದರಿಂದ ಅಲ್ಲಿ ಗುಂಡುಸೂಜಿಗಳ ಮೇಲೆ ಕಟ್ಟುನಿಟ್ಟಿನ ಕಾವಲಿತ್ತು, ಹೊಲಿದ ಉಡುಪುಗಳನ್ನು ಎಕ್ಸ್‌ರೇ ಹಿಡಿದು ನೋಡುತ್ತಿದ್ದರು. ನಾನು ಒಮ್ಮೆ ತೋಳಿನ ಮಡಿಕೆಯಲ್ಲಿ ಗುಂಡುಸೂಜಿ ಮರೆತು, ಅದು ಮದುವಣಗಿತ್ತಿಯೊಬ್ಬಳಿಗೆ ಧಾರೆಯ ಹೊತ್ತಿನಲ್ಲಿ ಚುಚ್ಚಿ ರಕ್ತ ಬಂದಿತ್ತು. ಆ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ತಾವು ಹೊಲಿದದ್ದನ್ನು ತೊಟ್ಟವನು ಚಂದ್ರನ ಮೇಲೆ ನಡೆಯುವುದನ್ನು ನೋಡುವಾಗ ಆ ಹೆಂಗಸರ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ನಾನು ಊಹಿಸಬಲ್ಲೆ.

ಹೊರಗಿನ ಬಿಳಿ ಪದರಕ್ಕೆ ದುಃಖದ ಹಿನ್ನೆಲೆಯಿದೆ. 1967ರ ಜನವರಿ 27ರಂದು ನೆಲದ ಮೇಲಿನ ಪರೀಕ್ಷೆಯ ವೇಳೆ ಅಪೊಲೊ ನೌಕೆಯೊಳಗೆ ಬೆಂಕಿ ಹೊತ್ತಿ ಗಸ್ ಗ್ರಿಸಮ್, ಎಡ್ ವೈಟ್ ಮತ್ತು ರೋಜರ್ ಚಾಫೀ ತೀರಿಕೊಂಡರು. ಆಮೇಲೆ ಉಡುಪಿನ ಮೇಲ್ಪದರಕ್ಕೆ ಟೆಫ್ಲಾನ್ ಲೇಪಿಸಿದ ಗಾಜಿನ ಎಳೆಗಳ, ಬೆಂಕಿ ಹಿಡಿಯದ ಬೀಟಾ ಬಟ್ಟೆ ಬಂತು. ಆ ಮೂವರ ಹೆಸರನ್ನು ನಿನ್ನ ಮಾತಿನಲ್ಲಿ ಬಿಡಬೇಡ.

ಪ್ರತಿ ಯಾತ್ರಿಯ ಅಳತೆ ತೆಗೆದು ಮೂರು ಜೊತೆ ಉಡುಪು ಹೊಲಿಯುತ್ತಿದ್ದರು: ಅಭ್ಯಾಸಕ್ಕೊಂದು, ಪ್ರಯಾಣಕ್ಕೊಂದು, ಅದು ಕೆಟ್ಟರೆ ಇರಲೆಂದು ಇನ್ನೊಂದು. ಕೈಗವಸನ್ನಂತೂ ಅವರವರ ಕೈಯ ಅಚ್ಚು ತೆಗೆದೇ ಮಾಡುತ್ತಿದ್ದರು. ಆರ್ಮ್‌ಸ್ಟ್ರಾಂಗ್ ತೊಟ್ಟಿದ್ದ ಉಡುಪು ಈಗ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಬಳಿ ಇದೆ.

ಹಬ್ಬಕ್ಕೆ ಬರುವಾಗ ಅದರ ಚಿತ್ರಗಳನ್ನು ನಿನ್ನ ಲ್ಯಾಪ್‌ಟಾಪಿನಲ್ಲಿ ತೆಗೆದುಕೊಂಡು ಬಾ, ದೊಡ್ಡದು ಮಾಡಿ ತೋರಿಸು. ತೋಳು ಹೆಗಲಿಗೆ ಸೇರುವ ಜಾಗದ ಹೊಲಿಗೆಯನ್ನು ನಾನು ಒಮ್ಮೆ ನೋಡಬೇಕು.

ಇಂತಿ ನಿನ್ನ,
ಅಮ್ಮ