ದುಡ್ಡು ಕಡಿಮೆ ಬಂದದ್ದು ಯಾಕಂದರೆ

ಮೆಲ್ಬರ್ನ್

ಪ್ರೀತಿಯ ಅಕ್ಕ,

ನಾವಿಲ್ಲಿ ಆರಾಮ. ಬಾಗಲಕೋಟೆಯ ನವನಗರದಲ್ಲಿ ನೀವೆಲ್ಲ ಆರಾಮ ಅಂದುಕೊಂಡಿದ್ದೇನೆ. ಈ ಸಲ ದುಡ್ಡು ಯಾಕೆ ಕಡಿಮೆ ಬಂತು ಅಂತ ನೀನು ಕೇಳಿದಾಗ ಪಕ್ಕದಲ್ಲೇ ಅವ್ವ ಇದ್ದಳು. ಫೋನಿನಲ್ಲಿ ಹೇಳಲು ನಾಚಿಕೆಯಾಯಿತು. ಅದಕ್ಕೇ ಈ ಪತ್ರ.

ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. ಊರಿಗೆ ದುಡ್ಡು ಕಳಿಸುವ ಕಂಪನಿಯದು. ಹಸಿರು ಬಳೆ ತೊಟ್ಟ ಕೈ, ಒಲೆ, ಹೊಗೆ. ‘ಊಟ ಆಯ್ತಾ ಮಗಾ?’ ಅಂತ ಕನ್ನಡದಲ್ಲೇ ಒಂದು ದನಿ. ಟ್ರಾಮಿನಲ್ಲಿ ನಿಂತಿದ್ದ ನನಗೆ ಗಂಟಲು ಕಟ್ಟಿತು. ಕೊನೆಗೆ ‘ಶುಲ್ಕ ಸೊನ್ನೆ’ ಅಂತ ಬಂತು. ಅಲ್ಲೇ ಆ್ಯಪ್ ಹಾಕಿಕೊಂಡು 1,000 ಡಾಲರ್ ಕಳಿಸಿದೆ. ಶುಲ್ಕವೇನೋ ಸೊನ್ನೆಯೇ. ಆದರೆ ರೇಟಿನಲ್ಲಿ ಕತ್ತರಿ ಹಾಕಿದ್ದರು. ಹಳೇ ಕಂಪನಿ 4 ಡಾಲರ್ ಶುಲ್ಕ ತಗೊಂಡರೂ ಡಾಲರಿಗೆ 1 ರೂಪಾಯಿ 20 ಪೈಸೆ ಜಾಸ್ತಿ ಕೊಡುತ್ತಿತ್ತು. ಹತ್ತಿರ ಹತ್ತಿರ ಸಾವಿರ ರೂಪಾಯಿ ಹೋಯಿತು.

ಮರುದಿನ ಅದನ್ನೇ ಮತ್ತೆ ನೋಡಿದೆ. ಆ ಕೈ ಲಟ್ಟಣಿಗೆ ಹಿಡಿದು ಚಪಾತಿ ಲಟ್ಟಿಸುತ್ತಿತ್ತು! ನನ್ನ ಕಿವಿಗೆ ಮಾತ್ರ ಅವ್ವ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಿಸಿತ್ತು. ಅವರು ತೋರಿಸಿದ್ದು ಅರ್ಧ, ಉಳಿದರ್ಧ ನಾನೇ ತುಂಬಿಕೊಂಡಿದ್ದೆ.

ಅಪ್ಪನ ಬಜಾಜ್ ಚೇತಕ್ ಸ್ಕೂಟರ್ ನೆನಪಿದೆ ಅಲ್ವಾ? 1989ರಲ್ಲಿ ದೂರದರ್ಶನದಲ್ಲಿ ‘ಹಮಾರಾ ಬಜಾಜ್’, ಅಂದರೆ ‘ನಮ್ಮ ಬಜಾಜ್’, ಅನ್ನೋ ಜಾಹೀರಾತು ಶುರುವಾಯಿತು. ಜಪಾನಿನವರ ಜೊತೆ ಸೇರಿ ಮಾಡಿದ ಬೈಕುಗಳು ಅಷ್ಟರಲ್ಲಿ ಸ್ಕೂಟರಿನ ಬೆನ್ನು ಹತ್ತಿದ್ದವು. ಆದರೂ ಜಾಹೀರಾತಿನಲ್ಲಿ ಮೈಲೇಜಿನ ಮಾತಿಲ್ಲ, ಬೆಲೆಯ ಮಾತಿಲ್ಲ. ಬರೀ ನಮ್ಮಂಥವರು, ನಮ್ಮಂಥ ಸಂಸಾರಗಳು. ಅದು ಮುಗಿದ ಕೂಡಲೇ ಅಪ್ಪ ಹೊರಗೆ ಹೋಗಿ ಸ್ಕೂಟರ್ ಒರೆಸುತ್ತಿದ್ದರು. ಗಾಡಿ ಕೊಂಡು ಎಷ್ಟೋ ವರ್ಷವಾಗಿತ್ತು. ಕಂಪನಿಯವರಿಗೆ ಅಪ್ಪನಿಗೆ ಇನ್ನು ಮಾರುವುದೇನಿತ್ತು ಹೇಳು? ಆದರೆ ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಮೊದಲ ಹೀರೋ ಹೋಂಡಾ ಬಂದಾಗ, ‘ಎಷ್ಟಾದರೂ ಅದು ನಮ್ಮದಲ್ಲ ಬಿಡು’ ಅಂದರು. ಸ್ವಂತ ದುಡ್ಡು ಕೊಟ್ಟವರೇ ಕಂಪನಿ ಪರ ಮಾತಾಡುವುದು ಅಂದರೆ ಇದೇ.

ಇಲ್ಲಿನವರೂ ಏನು ಕಡಿಮೆ ಇಲ್ಲ. ಕೋಕಾ-ಕೋಲಾದವರು 2011ರಲ್ಲಿ ಇದೇ ದೇಶದಲ್ಲಿ ಬಾಟಲಿಗೊಂದರಂತೆ ಜನರ 150 ಹೆಸರು ಅಚ್ಚು ಹಾಕಿದ್ದರು. ಆಫೀಸಿನ ಒಬ್ಬಾಕೆ ತನ್ನ ಹೆಸರಿನ ಖಾಲಿ ಬಾಟಲಿಯನ್ನು ಇನ್ನೂ ಎತ್ತಿಟ್ಟುಕೊಂಡಿದ್ದಾಳೆ.

ಮುಂದಿನ ತಿಂಗಳು ಹಳೇ ದಾರಿಯಲ್ಲೇ ಕಳಿಸುತ್ತೇನೆ, ಕಡಿಮೆ ಬಿದ್ದದ್ದನ್ನೂ ಸೇರಿಸಿ. ಅವ್ವನಿಗೆ ರೇಟಿನ ವಿಷಯ ಹೇಳು. ಲಟ್ಟಣಿಗೆ ವಿಷಯ ಮಾತ್ರ ಬೇಡ, ಓಣಿ ತುಂಬ ಹೇಳಿಕೊಂಡು ನಗುತ್ತಾಳೆ.

ನಿನ್ನ ತಮ್ಮ